ಮುಚ್ಚಳ ಒಬ್ಬಳಿಗೆ, ಪೆನ್ನು ಒಬ್ಬಳಿಗೆ

ಪೆನ್ನು ರಿಪೇರಿಯವರ ಫೋನು ಬಂದಾಗ ತಂಗಿ ಯಾರದೋ ಕೆಳದವಡೆಯ ಹಲ್ಲಿನ ಸೆಟ್ಟಿಗೆ ಪಾಲಿಶ್ ಹಾಕುತ್ತಿದ್ದಳು. ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು, ಪೆನ್ನು ಕೂಡಿಹಾಕುವುದು ಅವಳ ಹುಚ್ಚು.

"ಒಂದು ಮುಚ್ಚಳ ಬಂದಿದೆ ಅಮ್ಮಾ," ಎಂದರು ರಿಪೇರಿಯವರು. "ಹಳೇ ಕಾಲದ್ದು. ಬೂದು ಹಸಿರು, ಮಧ್ಯೆ ಮಧ್ಯೆ ಬಿಳಿ ಗೆರೆ. ಕ್ಲಿಪ್ಪು ಎಡಕ್ಕೆ ಸೊಟ್ಟ. ಇದಕ್ಕೆ ಹೊಂದೋ ಪೆನ್ನು ಎಲ್ಲಾದ್ರೂ ಸಿಗುತ್ತಾ ನೋಡಿ ಅಂತ ಒಬ್ಬರು ಹೇಳಿದ್ದಾರೆ. ನಿಮ್ಮ ಹತ್ರ ಮುಚ್ಚಳ ಇಲ್ಲದ್ದು ಒಂದಿತ್ತಲ್ಲ? ಗುರುವಾರ ಅವರು ಬರ್ತಾರೆ, ನೀವೂ ತಗೊಂಡು ಬನ್ನಿ."

ತಂಗಿ ಮೆಷಿನ್ನು ಆರಿಸಿದಳು. ಆ ಕ್ಲಿಪ್ಪು ಸೊಟ್ಟಗಾದದ್ದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತು. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದ ಅಮ್ಮನಿಗೆ ಔಷಧಿ ಬಾಟಲಿಯ ಬಿಗಿದ ಬಿರಡೆಯನ್ನು ಪೆನ್ನಿನ ಕ್ಲಿಪ್ಪಿನಿಂದ ಎಬ್ಬಿಸುವ ಕೆಟ್ಟ ಅಭ್ಯಾಸವಿತ್ತು. ಮುಚ್ಚಳ ಅಕ್ಕನ ಹತ್ತಿರವಿತ್ತು. ಅಕ್ಕನ ಜೊತೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು.

ಜಗಳ ಶುರುವಾದದ್ದೂ ಆ ಪೆನ್ನಿನಿಂದಲೇ. ಅಮ್ಮ ಹೋದಮೇಲೆ ಮನೆಯ ಸಾಮಾನು ಹಂಚಿಕೊಳ್ಳಲು ಕೂತಾಗ ಪಾತ್ರೆ ಪಡಗ, ಒಡವೆ, ಹೊಲಿಗೆ ಮೆಷಿನ್ನು ಒಂದಕ್ಕೂ ಅಕ್ಕತಂಗಿಯರು ತಕರಾರು ತೆಗೆಯಲಿಲ್ಲ. "ನೀನಿಟ್ಕೋ", "ಇಲ್ಲ, ನೀನಿಟ್ಕೋ" ಎಂದು ಅತ್ತುಕೊಂಡೇ ಹಂಚಿಕೊಂಡರು. ಕೊನೆಗೆ ಡ್ರಾಯರಿನ ಮೂಲೆಯಿಂದ ಈ ಪೆನ್ನು ಬಂತು ನೋಡಿ, ಅಲ್ಲಿಗೆ ಕೆಟ್ಟಿತು. ಕೊನೆಗಾಲದಲ್ಲಿ ಅಮ್ಮನನ್ನು ನೋಡಿಕೊಂಡವಳು ನಾನು ಎಂದಳು ತಂಗಿ. ಪೆನ್ನು ನಿನಗೇ ಅಂತ ನಾನು ಸ್ಕೂಲಿನಲ್ಲಿದ್ದಾಗಲೇ ಅಮ್ಮ ನನಗೆ ಹೇಳಿದ್ದಳು ಎಂದಳು ಅಕ್ಕ. ಹಾಗೆ ಹೇಳಿದ್ದಕ್ಕೆ ಸಾಕ್ಷಿ ಯಾರು ಎಂದಳು ತಂಗಿ. ಅಕ್ಕನಿಗೆ ಆ ಮಾತು ನಾಟಿತು. ನಾನು ಸುಳ್ಳು ಹೇಳ್ತಿದ್ದೀನಾ ಎಂದಳು. ಪಂಚಾಯಿತಿಗೆಂದು ಬಂದ ಸೋದರಮಾವ ಬೆಳಗಿನಿಂದ ಕೂತು ಸೊಂಟ ನೋಯಿಸಿಕೊಂಡಿದ್ದ. "ಒಬ್ಬಳು ಮುಚ್ಚಳ ತಗೊಳ್ಳಿ, ಒಬ್ಬಳು ಪೆನ್ನು ತಗೊಳ್ಳಿ, ನನ್ನ ಜೀವ ಬಿಡ್ರಮ್ಮಾ" ಎಂದುಬಿಟ್ಟ.

ಮಾವ ಅಂದದ್ದು ತಮಾಷೆಗೆ. ಬೇರೆ ಮನೆಯಾಗಿದ್ದರೆ ಎಲ್ಲರೂ ನಕ್ಕು ಊಟಕ್ಕೆ ಏಳುತ್ತಿದ್ದರು. ಆದರೆ ಇವರಿಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಅಕ್ಕ ಎದ್ದು ಮುಚ್ಚಳ ತಿರುಗಿಸಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ಉಳಿದದ್ದನ್ನು ತಂಗಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಯ್ಯೋ, ನಾನೇನೋ ಬಾಯಿತಪ್ಪಿ ಅಂದೆ ಎಂದು ಮಾವ ಹಿಂದಿಂದೆ ಓಡಿದ. ಯಾರು ಕೇಳುತ್ತಾರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಮುಚ್ಚಳವಿಲ್ಲದ ಫೌಂಟನ್ ಪೆನ್ನು ಯಾವ ಕೆಲಸಕ್ಕೆ? ಎರಡು ಸಾಲು ಬರೆದು ಇಟ್ಟರೆ ನಿಬ್ಬು ಒಣಗಿ ಕೂರುತ್ತದೆ. ತಂಗಿ ಮುಚ್ಚಳ ಹುಡುಕುತ್ತ ಹಳೆ ಸಾಮಾನಿನ ಸಂತೆಗಳಿಗೆ ಹೋದಳು. ಬೂದು ಹಸಿರಿನದು ಕಂಡರೆ ಸಾಕು, ಕೊಂಡು ತಂದು ಅದರ ಮುಚ್ಚಳವನ್ನು ಅಮ್ಮನ ಪೆನ್ನಿಗೆ ಹಾಕಿ ನೋಡುವಳು. ಒಂದು ಸಡಿಲ, ಒಂದು ಬಿಗಿ, ಇನ್ನೊಂದರ ತಿರುಪಿನ ಮರೆಯೇ ಬೇರೆ. ತಂದದ್ದನ್ನು ಬಿಸಾಡಲು ಮನಸ್ಸು ಬರಲಿಲ್ಲ. ತೊಳೆದಳು, ಒಳಗೆ ಮಸಿ ತುಂಬುವ ರಬ್ಬರ್ ಚೀಲ ಬದಲಿಸಿದಳು, ಮಸಿ ತುಂಬಿ ಬರೆದಳು. ಬರೆಯುತ್ತ ಬರೆಯುತ್ತ ರುಚಿ ಹತ್ತಿತು. ಆಮೇಲೆ ಮುಚ್ಚಳದ ನೆವವೂ ಬೇಕಾಗಲಿಲ್ಲ, ನಿನ್ನೆ ಮೊನ್ನೆ ತಯಾರಾದ ಹೊಸ ಪೆನ್ನುಗಳೂ ಬಂದು ಸೇರಿದವು. ಬೀರುವಿನಲ್ಲಿ ಬಟ್ಟೆಗೆ ಜಾಗವಿಲ್ಲ ಎಂದು ಗಂಡ ಗೊಣಗಿದ. ಅಷ್ಟು ಪೆನ್ನುಗಳ ನಡುವೆ ಅಮ್ಮನದು ಮಾತ್ರ ಬೋಳುತಲೆಯಲ್ಲಿ ಮಲಗಿತ್ತು. ಅದನ್ನು ನೋಡಿದಾಗೆಲ್ಲ ತಂಗಿಗೆ ನೆನಪಾಗುತ್ತಿದ್ದವಳು ಅಮ್ಮನಲ್ಲ, ಅಕ್ಕ.

ಗುರುವಾರ ಹೋಗಬೇಕೇ ಬೇಡವೇ ಎಂದು ಅವಳು ಮೂರು ದಿನ ಒದ್ದಾಡಿದಳು. ಹೋದರೆ ಸೋತಂತೆ. ಹೋಗದಿದ್ದರೆ ಅಕ್ಕ ಆ ಮುಚ್ಚಳಕ್ಕೆ ಬೇರೆ ಯಾವುದೋ ಪೆನ್ನು ಕಟ್ಟಿಸಿಬಿಡುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯಿತು. ಇದ್ದದ್ದು ಒಂದೇ ಎಳೆ, ಅದೂ ಹರಿಯುತ್ತದೆ. ಕೊನೆಗೆ ಪೆನ್ನನ್ನು ಹತ್ತಿಯಲ್ಲಿ ಸುತ್ತಿಕೊಂಡು ಹೊರಟಳು.

ರಿಪೇರಿಯವರದು ಚಪ್ಪಲಿ ಅಂಗಡಿಯ ಮೇಲಿನ ಚಿಕ್ಕ ಕೋಣೆ. ಕಿಟಕಿಯ ಬಳಿ ಅಂಗೈ ಅಗಲದ ಲೇತು, ಸಾಲಾಗಿ ಮಸಿ ಬಾಟಲಿ, ಎದುರಿಗೆ ಎರಡು ಸ್ಟೂಲು. ಒಂದರ ಮೇಲೆ ಅಕ್ಕ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೂದಲಿಗೆ ಬಣ್ಣ ಹಚ್ಚದೆ ಹೊಸ್ತಿಲು ದಾಟದಿದ್ದ ಅಕ್ಕ ಇವಳೇನಾ ಎಂದು ತಂಗಿ ಬಾಗಿಲಲ್ಲೇ ನಿಂತಳು.

ಅಕ್ಕ ಒಮ್ಮೆ ನೋಡಿ ಮುಖ ತಿರುಗಿಸಿದಳು. "ಪೆನ್ನಿನೋರು ಇವರೇನಾ?" ಎಂದು ರಿಪೇರಿಯವರನ್ನು ಕೇಳಿದಳು.

"ಹೌದು ಅಂತ ಹೇಳಿ ಅವರಿಗೆ," ಎಂದಳು ತಂಗಿ.

"ಮೂರು ಜನಾನೂ ಇಲ್ಲೇ ಇದ್ದೀವಲ್ಲಮ್ಮಾ," ಎಂದರು ರಿಪೇರಿಯವರು. ಇಬ್ಬರ ಮೂಗೂ ಒಂದೇ ಅಚ್ಚಿನದು ಎಂಬುದು ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಸುಮ್ಮನೆ ಕೈಚಾಚಿ ಮುಚ್ಚಳ ಈಸಿಕೊಂಡರು, ಪೆನ್ನು ಈಸಿಕೊಂಡರು, ಒಂದಕ್ಕೊಂದು ಕೂಡಿಸಿ ತಿರುಗಿಸಿದರು. ಅರ್ಧ ಸುತ್ತು ಹೋಗಿ ನಿಂತಿತು. ಇನ್ನೊಮ್ಮೆ ನೋಡಿದರು. ಅಷ್ಟೇ.

"ಇದೇ ಮುಚ್ಚಳ, ಅನುಮಾನವೇ ಇಲ್ಲ," ಎಂದಳು ತಂಗಿ.

"ಇದೇ. ಆದ್ರೆ ಮುಚ್ಚಳ ಕುಗ್ಗಿದೆ. ಈ ಹಳೇ ಪ್ಲಾಸ್ಟಿಕ್ಕು ಬಿಸಿಗೆ ಕುಗ್ಗುತ್ತೆ. ಎಲ್ಲಿಟ್ಟಿದ್ರಿ?"

"ಅಂಗಡೀಲಿ," ಎಂದಳು ಅಕ್ಕ. ಅವಳದು ಲಾಂಡ್ರಿ. "ಇಸ್ತ್ರಿ ಮೇಜಿನ ಪಕ್ಕ. ಚೀಟಿ ಬರೆಯೋ ಬಾಲ್ ಪೆನ್ನಿಗೆ ಹಾಕಿಟ್ಟಿದ್ದೆ. ದಿನಾ ಕೈಗೆ ಸಿಗ್ಲಿ ಅಂತ." ಮೂರು ಕಾಸಿನ ಬಾಲ್ ಪೆನ್ನಿಗೆ ಅಮ್ಮನ ಮುಚ್ಚಳ! ಬೇರೆ ದಿನವಾಗಿದ್ದರೆ ತಂಗಿ ಎದ್ದು ಜಗಳಕ್ಕೆ ನಿಲ್ಲುತ್ತಿದ್ದಳು. ಇವತ್ತು 'ದಿನಾ ಕೈಗೆ ಸಿಗ್ಲಿ' ಎಂಬ ಮಾತು ಅವಳ ಬಾಯಿ ಕಟ್ಟಿಹಾಕಿತು.

"ಎರಡೂ ಒಂದೇ ಕಡೆ ಇದ್ದಿದ್ರೆ ಒಟ್ಟಿಗೇ ಕುಗ್ತಿದ್ವು, ಗೊತ್ತೇ ಆಗ್ತಿರ್ಲಿಲ್ಲ," ಎಂದರು ರಿಪೇರಿಯವರು. "ಈಗ ಒಂದನ್ನ ಕೆರೀಬೇಕು. ಮುಚ್ಚಳದ ಒಳಗಾದ್ರೂ ಸರಿ, ಪೆನ್ನಿನ ಮರೆಯಾದ್ರೂ ಸರಿ. ಹಳೇದು, ಒಡೆದ್ರೂ ಒಡೀಬಹುದು. ಯಾರದ್ದನ್ನ ಕೆರೀಲಿ ಹೇಳಿ."

"ನನ್ನದು," ಎಂದಳು ತಂಗಿ.

"ಬೇಡ, ನನ್ನದನ್ನ ಕೆರೀರಿ," ಎಂದಳು ಅಕ್ಕ.

"ನನ್ನದು ಗಟ್ಟಿಯಾಗಿದೆ, ತಡೆಯುತ್ತೆ ಅಂತ ಹೇಳಿ ಅವರಿಗೆ."

"ಏನು ಅವರಿಗೆ ಇವರಿಗೆ? ನನಗೇ ಹೇಳೇ," ಎಂದು ಅಕ್ಕ ತಿರುಗಿ ಕೂತಳು. "ನಿನ್ನದು ಒಡೆದ್ರೆ ಬರೆಯೋದು ಹೋಗುತ್ತೆ, ನನ್ನದು ಒಡೆದ್ರೆ ಟೋಪಿ ಹೋಗುತ್ತೆ. ಅಷ್ಟೂ ತಿಳಿಯಲ್ವಾ? ಪೆದ್ದಿ."

ಹನ್ನೆರಡು ವರ್ಷದ ಮೇಲೆ ಅಕ್ಕನ ಬಾಯಿಂದ ತನಗೆಂದು ಬಂದ ಮೊದಲ ಮಾತು ಬೈಗುಳ. ತಂಗಿಗೆ ಅದು ಹಿತವಾಗಿತ್ತು. ಮುಚ್ಚಳವನ್ನೇ ಕೆರೆಯಲು ಒಪ್ಪಿಕೊಂಡಳು.

ರಿಪೇರಿಯವರು ಮುಚ್ಚಳವನ್ನು ಲೇತಿಗೆ ಕಚ್ಚಿಸಿ ಕೈಯಿಂದಲೇ ಮೆಲ್ಲಗೆ ತಿರುಗಿಸಿದರು. ಹಸಿರು ಹುಡಿ ಉದುರಿತು. ಒಂದು ಸುತ್ತು, ಇನ್ನೊಂದು ಸುತ್ತು. ಆಗೊಂದು ಸಣ್ಣ ಸದ್ದಾಯಿತು. ಅವರು ಲೇತು ನಿಲ್ಲಿಸಿ ಮುಚ್ಚಳವನ್ನು ಬಿಡಿಸಿಕೊಂಡಾಗ ಅದು ಎರಡು ಹೋಳಾಗಿ ಅವರ ಅಂಗೈಗೆ ಬಿತ್ತು. "ತಪ್ಪಾಯ್ತಮ್ಮಾ," ಎಂದರು.

ಅಕ್ಕ ಹೋಳುಗಳನ್ನು ನೋಡುತ್ತ ಕೂತಳು. ಅವಳ ಪಾಲಿಗೆ ಇನ್ನೇನೂ ಉಳಿದಿರಲಿಲ್ಲ. ಈ ಅಕ್ಕ ಸುಳ್ಳು ಹೇಳುವವಳಲ್ಲ ಎಂದು ಹಂಚಿಕೆಯ ದಿನವೂ ತಂಗಿಗೆ ಗೊತ್ತಿತ್ತು, ಗೊತ್ತಿದ್ದೇ ಸಾಕ್ಷಿ ಕೇಳಿದ್ದಳು. ಪೆನ್ನೆತ್ತಿ ಅಕ್ಕನ ಮುಂದೆ ಹಿಡಿದಳು.

"ತಗೋ ಅಕ್ಕ. ಅಮ್ಮ ನಿನಗೇ ಅಂತ ಹೇಳಿದ್ದಳು."

ಅಕ್ಕ ಕೈ ಚಾಚಿ ಪೆನ್ನು ತೆಗೆದುಕೊಂಡಳು. "ಮುಚ್ಚಳ ಇಲ್ಲ, ನಾನೇನು ಮಾಡ್ಲೇ ಇದನ್ನ? ಒಣಗಿಹೋಗುತ್ತೆ."

"ದಿನಾ ಬರೆದ್ರೆ ಒಣಗಲ್ಲ."

"ದಿನಾ ಯಾರಿಗೆ ಬರೀಲಿ?"

"ನನಗೆ ಬರಿ."

"ನಿನಗೆ!" ಅಕ್ಕನ ದನಿ ಒಡೆಯಿತು. "ಎಲ್ಲಿಗೆ ಬರೀಲಿ? ನಿನ್ನ ಮನೆಗೆ ಬಂದಿದ್ದೆ ನಾನು. ಬೇರೆ ಯಾರೋ ಬಾಗಿಲು ತೆಗೆದ್ರು. ಖಾಲಿ ಮಾಡ್ಕೊಂಡು ಹೋದ್ರು, ಎಲ್ಲಿಗೋ ಗೊತ್ತಿಲ್ಲ ಅಂದ್ರು."

ತಂಗಿ ಪೆನ್ನನ್ನು ಹಿಂದಕ್ಕೆ ಈಸಿಕೊಂಡಳು. ರಿಪೇರಿಯವರು ಮಸಿ ಬಾಟಲಿಯ ಮುಚ್ಚಳ ತೆರೆದು ಮುಂದಿಟ್ಟು, ಒಂದು ಹಾಳೆಯನ್ನೂ ಸರಿಸಿದರು. ನಿಬ್ಬನ್ನು ಅದ್ದಿ ಅವಳು ಮನೆಯ ನಂಬರು ಬರೆದಳು, ರಸ್ತೆ ಬರೆದಳು, ನಾಲ್ಕನೇ ಮಹಡಿ ಎಂದು ಬರೆದಳು. ಅಷ್ಟರಲ್ಲಿ ಅಕ್ಕ ಮೇಜು ಹಿಡಿದುಕೊಂಡು, ಮಂಡಿಯ ಮೇಲೆ ಕೈಯೂರಿ, ಕಷ್ಟಪಟ್ಟು ಎದ್ದು ನಿಂತದ್ದನ್ನು ಕಂಡಳು. ಮತ್ತೆ ಮಸಿಯಲ್ಲಿ ಅದ್ದಿ ಕೆಳಗೆ 'ಲಿಫ್ಟ್ ಇದೆ' ಎಂದು ಸೇರಿಸಿದಳು.