ಹೊಂಡದ ಹೆಪ್ಪು

‘ಹೆಣ್ಣು ತರೋಕೆ ಹೋಗಿ ಹೆಪ್ಪು ತಂದ ಹಾಗೆ’ ಎಂಬ ಮಾತನ್ನು ನಾನು ಒಂದೇ ಊರಿನಲ್ಲಿ ಕೇಳಿದ್ದೇನೆ. ದೊಡ್ಡದಕ್ಕೆ ಹೊರಟು ಸಣ್ಣದನ್ನು ಹೊತ್ತು ಬಂದವರನ್ನು ಆಡಿಕೊಳ್ಳಲು ಅಲ್ಲಿ ಅದನ್ನು ಬಳಸುತ್ತಾರೆ. ಮಾತಿನ ಹಿಂದಿನ ಕತೆಯನ್ನು ಹಲವರು ನಗುತ್ತಲೇ ಹೇಳಿದರು. ನಗದೆ ಹೇಳಿದವನು ಆ ಊರಿನ ಎತ್ತಿನ ಗಾಡಿಯವನೊಬ್ಬನೇ. ನಡೆದದ್ದರಲ್ಲಿ ಹೆಚ್ಚಿನದನ್ನು ಕಣ್ಣಾರೆ ಕಂಡವನಾದ್ದರಿಂದ ಅವನು ಹೇಳಿದಂತೆಯೇ ಇಲ್ಲಿ ಕೊಡುತ್ತಿದ್ದೇನೆ.

ಊರಿನ ಬಚ್ಚಲು, ಪಾಯಿಖಾನೆಗಳ ನೀರೆಲ್ಲ ಇಳಿಜಾರಿನ ತುದಿಯ ಹೊಂಡಕ್ಕೆ ಬರುತ್ತಿತ್ತು. ಅಲ್ಲಿ ನಿಂತು ತಿಳಿಯಾಗಿ, ಜೊಂಡು ಬೆಳೆದ ಪಾತಿಯನ್ನು ಹಾದು ಹಳ್ಳ ಸೇರುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನಿಗೆ ಊರವರು ಇಟ್ಟ ಹೆಸರು ಹೊಂಡಪ್ಪ. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ; ಆಸ್ಪತ್ರೆಯ ಬಟ್ಟೆ ಒಗೆಯುವುದು ಅವಳ ಕೆಲಸ. ಹೊಂಡದ ಪಕ್ಕದಲ್ಲೇ ಅವರ ಮನೆ. ತಮ್ಮನಿಗೊಂದು ಮದುವೆಯಾಗಲಿ ಎಂಬುದು ಅವಳ ಒಂದೇ ಹಂಬಲ. ಬಂದ ಸಂಬಂಧಗಳೆಲ್ಲ ಮೂಗು ಮುಚ್ಚಿಕೊಂಡು ಹಿಂದಿರುಗಿದ್ದವು.

ಕೊನೆಗೆ ಪಕ್ಕದ ಊರಿನ ಬಡಗಿ ಮಗಳಿಗಾಗಿ ಮನೆ ನೋಡಲು ಒಪ್ಪಿದ. ಅವನು ಬರುವ ಮುನ್ನಾದಿನ, ತಮ್ಮ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ನಾತ ಅಡಗಲೆಂದು ಅಕ್ಕ ಆಸ್ಪತ್ರೆಯಿಂದ ತಂದ ಬ್ಲೀಚಿಂಗ್ ಪುಡಿಯನ್ನು ಚೀಲಗಟ್ಟಲೆ ಹೊಂಡಕ್ಕೆ ಬರಿಗೈಯಲ್ಲಿ ಎರಚಿದಳು.

ಮರುದಿನ ಬಡಗಿ ಗಾಡಿಯಿಂದ ಇಳಿದು ಗಾಳಿ ಮೂಸಿದ.

“ನಮ್ಮೂರಲ್ಲೂ ಇಂಥದ್ದೊಂದಿದೆ. ಹತ್ರ ಹೋದ್ರೆ ಗೊತ್ತಾಗುತ್ತೆ. ನಿಮ್ದು ಆಸ್ಪತ್ರೆ ಜಗಲಿ ಇದ್ದಂಗಿದೆಯಲ್ಲಮ್ಮ.”

“ನನ್ನ ತಮ್ಮನ ಕೈಗುಣ,” ಎಂದಳು ಅಕ್ಕ, ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ಮಾತು ಕುದುರಿತು. ಆದರೆ ವಾರ ಕಳೆಯುವುದರೊಳಗೆ ಹೊಂಡ ಕಪ್ಪಾಯಿತು. ನಾತಕ್ಕೆ ಜನ ಬಾಗಿಲು ಹಾಕಿಕೊಂಡು ಉಂಡರು. ಹಳ್ಳದ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಮದುವೆಯ ಗುಂಗಿನಲ್ಲಿ ಹೊಂಡಪ್ಪ ಕೆಲಸ ಮರೆತನೆಂದು ಊರು ಬೈಯಿತು.

ಅವನು ಗಾಡಿಗೆ ಖಾಲಿ ಪೀಪಾಯಿ ಏರಿಸುತ್ತಿದ್ದಾಗ ಅಕ್ಕ ಕೇಳಿದಳು: “ಏನಾಯ್ತೋ ಅದಕ್ಕೆ?”

“ಹೆಪ್ಪು ಸತ್ತಿದೆ ಅಕ್ಕ. ಹಾಲಿಗೆ ಹೆಪ್ಪಿದ್ದ ಹಾಗೆ, ಹೊಂಡಕ್ಕೂ ಇರುತ್ತೆ. ಕೊಳಕು ತಿನ್ನೋ ಸಣ್ಣ ಸಣ್ಣ ಜೀವ. ಬೇರೆ ಹೊಂಡದ ಕೆಸರು ತಂದು ಹಾಕಿದ್ರೆ ಮತ್ತೆ ಹಿಡಿಯುತ್ತೆ.”

“ಎಲ್ಲಿಂದ ತರ್ತೀಯ?”

“ಹತ್ರ ಇರೋದು ಬಡಗಿ ಮಾವನ ಊರೇ.”

“ಇನ್ನೂ ಮಾವ ಆಗಿಲ್ಲ, ಆಗ್ಲೇ ಕೇಳೋಕೆ ಹೊರಟ್ಯಾ?” ಎಂದು ಗಾಡಿಯವನು ನಕ್ಕ.

ಹೊಂಡಪ್ಪ ನಗಲಿಲ್ಲ. ಗಾಡಿ ಹತ್ತುವ ಮುನ್ನ ಹೇಳಿದ: “ಕೈಗೆ ಎಣ್ಣೆ ಹಚ್ಕೋ ಅಕ್ಕ. ಸಿಪ್ಪೆ ಏಳ್ತಿದೆ.”

ಅವಳು ಕೈಗಳನ್ನು ಸೆರಗಿನಡಿಗೆ ಎಳೆದುಕೊಂಡಳು.

ಬಡಗಿಗೆ ಪೀಪಾಯಿಗಳನ್ನು ಕಂಡು ಮೊದಲು ಅರ್ಥವೇ ಆಗಲಿಲ್ಲ. “ಹೆಣ್ಣಿನ ಮಾತಿಗೆ ಬಂದೆ ಅಂದ್ಕೊಂಡೆ, ಗಬ್ಬು ಕೇಳೋಕೆ ಬಂದ್ಯಾ? ಅವತ್ತು ಅಷ್ಟು ಚೊಕ್ಕ ಇತ್ತಲ್ಲ. ಏನು ಮಾಡ್ದೆ?”

“ನನ್ನ ಕೈಯಿಂದ ತಪ್ಪಾಯ್ತು ಮಾವ.”

“ಮಾವ ಅನ್ಬೇಡ ಇನ್ಮೇಲೆ. ಹೊಂಡ ಕಾಯೋಕೆ ಆಗ್ದೋನು ನನ್ನ ಮಗಳನ್ನ ಏನು ಕಾಯ್ತೀಯ? ಕೆಸರು ಬೇಕಾದಷ್ಟು ತುಂಬ್ಕೊಂಡು ಹೋಗು.”

ಬಾಗಿಲಲ್ಲಿ ನಿಂತಿದ್ದ ಹುಡುಗಿ ಒಳಗೆ ಹೋದಳು.

ನಡೆದುದನ್ನು ಅಕ್ಕನಿಗೆ ಹೇಳಿದವನು ಗಾಡಿಯವನೇ. ಅವಳು ಪುಡಿಯ ವಿಷಯವನ್ನೆಲ್ಲ ಅವನಲ್ಲಿ ಹೇಳಿಕೊಂಡು, “ಬೆಳಿಗ್ಗೆ ಗಾಡಿ ಹೂಡು, ಹೋಗಿ ಬಡಗಿಗೆ ಹೇಳಿ ಬರ್ತೀನಿ,” ಎಂದಳು. ಅವನು ಹೂಡಿದ. ಚಪ್ಪಲಿ ಮೆಟ್ಟಿ ಅಂಗಳದವರೆಗೆ ಬಂದವಳು ಗಾಡಿಯ ಗಾಲಿ ಹಿಡಿದು ನಿಂತಳು. “ನಾಳೆ ಹೋಗೋಣ,” ಎಂದು ಒಳಗೆ ಹೋದಳು. ಮರುದಿನವೂ ಅದೇ ಮಾತು. ಹೀಗೆ ನಾಳೆ ನಾಳೆ ಎನ್ನುವಷ್ಟರಲ್ಲಿ ಬಡಗಿಯ ಮಗಳಿಗೆ ಬೇರೆ ಕಡೆ ಗಟ್ಟಿಯಾಯಿತು.

ಹೊಂಡಕ್ಕೆ ಹೆಪ್ಪು ಹಿಡಿಯಿತು, ನೀರು ತಿಳಿಯಾಯಿತು. ತಮ್ಮನಿಗೆ ಮತ್ತೆ ಸಂಬಂಧ ಬರಲಿಲ್ಲ. ಅವನು ಪುಡಿಯ ಮಾತನ್ನು ಕಡೆಯವರೆಗೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಊರವರು ಆ ಗಾದೆ ಹೇಳಿ ನಗುವಾಗ ಅವಳು ಎದ್ದು ಹೋಗುತ್ತಿದ್ದಳು. ಗಾಡಿಯವನು ಎದುರಾದರೆ ಮಾತ್ರ ನಿಂತು ಹೇಳುತ್ತಿದ್ದಳಂತೆ:

“ಅವತ್ತು ನೀನಾದ್ರೂ ನಾಲ್ಕು ಬೈದು ನನ್ನ ಗಾಡಿ ಹತ್ತಿಸ್ಬೇಕಿತ್ತು ಕಣೋ.”