ನೆರಳು ಮಾರುವವಳ ಸರದಿ

ಸ್ವಲ್ಪ ಇತ್ತ ಕಿವಿ ಕೊಡಿ, ಮೊಬೈಲು ಪಕ್ಕಕ್ಕಿಡಿ. ಯಳಂದೂರಿನ ನಾಗಶ್ರೀಗೆ ಆದದ್ದನ್ನು ಪೂರ್ತಿ ಕೇಳದೆ ಏಳಬೇಡಿ.

ಬಸ್‌ಸ್ಟ್ಯಾಂಡ್ ಎದುರು ಪುಷ್ಪಳ ಟೈಲರ್ ಅಂಗಡಿ. ಭಾನುವಾರ ಮಧ್ಯಾಹ್ನ ಅಲ್ಲೊಂದು ಆಟ. ಆಡುವವರು ಮೂವರೇ: ಪುಷ್ಪ, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ನಾಗಶ್ರೀ, ಮುಳ್ಳೂರಿನ ಶಿವಶಂಕರ. ಬೋರ್ಡಿಲ್ಲ, ಕಾಯಿಲ್ಲ, ಒಂದು ದಾಳವಿದೆ ಅಷ್ಟೇ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಹೊಳೆಯೇ ಬೆಟ್ಟ ಹತ್ತುವ ಒಂದು ರಾಜ್ಯದ ಕಥೆಯನ್ನು ಸರದಿಯ ಮೇಲೆ ಕಟ್ಟಬೇಕು. ಕಥೆಗೆ ಯಜಮಾನರಿಲ್ಲ. ಹೇಳಿದ್ದಕ್ಕೆ ಉಳಿದವರು ‘ಹೂಂ’ ಅಂದರೆ ಅದು ಆ ರಾಜ್ಯದಲ್ಲಿ ನಿಜ. ಯಾರಾದರೂ ‘ಊಹೂಂ’ ಅಂದರೆ ದಾಳ ಹಾಕಿ ತೀರ್ಮಾನಿಸಬೇಕು. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುತ್ತಾರಲ್ಲ, ಶಿವಶಂಕರ ಆಟ ಕಟ್ಟಿದ್ದೇ ಅದರಿಂದ.

ತೊಂದರೆ ಏನೆಂದರೆ, ಆ ಕಡೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹೂಂ ಅನ್ನುವುದು ‘ಊಂ’, ಊಹೂಂ ಅನ್ನುವುದು ‘ಊಊಂ’. ಹೀಗಾಗಿ ಸತ್ತ ರಾಕ್ಷಸರು ಎಷ್ಟೋ ಸಲ ಎದ್ದು ಕೂತಿದ್ದಾರೆ.

ಆ ರಾಜ್ಯದಲ್ಲಿ ನಾಗಶ್ರೀ ನೆರಳನ್ನು ಗಜದ ಲೆಕ್ಕದಲ್ಲಿ ಮಾರುವವಳು. ಶಿವಶಂಕರ ತನ್ನ ಹೆಸರು ಕಳೆದುಕೊಂಡ ಕಾವಲುಗಾರ. ಪ್ರತಿ ವಾರ ಅವಳ ಅಂಗಡಿಗೆ ಬರುತ್ತಿದ್ದ, ನೆರಳು ಮುಟ್ಟಿ ನೋಡುತ್ತಿದ್ದ, ಕೊಳ್ಳದೆ ಹೋಗುತ್ತಿದ್ದ. ಜೆರಾಕ್ಸ್ ಮಿಷಿನ್ನಿನ ಮುಂದೆ ನಿಂತ ನಾಗಶ್ರೀಗೆ ವಾರವಿಡೀ ಅದೇ ಧ್ಯಾನ. ಆಟದ ಹೊರಗೆ ಅವನ ಹತ್ತಿರ ಒಂದು ಮಾತೂ ಆಡಿದವಳಲ್ಲ.

ಈಗ ಅವನಿಗೆ ಕಂಡಕ್ಟರ್ ಕೆಲಸ ಸಿಕ್ಕಿ ಬೀದರ್ ಕಡೆ ಹೊರಟಿದ್ದಾನೆ. ಬ್ಯಾಗು ಪಕ್ಕದಲ್ಲೇ ಇದೆ. ಇದೇ ಕೊನೆಯ ಆಟ.

“ಬಸ್ಸಿಗ್ ಯಾವತ್ತೂ ಲೇಟಾಗ್ ಬರೋನು, ಇನ್ಮೇಲೆ ಇವ್ನೇ ರೈಟ್ ರೈಟ್ ಅಂತಾನಂತೆ!” ಪುಷ್ಪ ಕಿಚಾಯಿಸಿದಳು.

“ಸುಮ್ಕಿರಮ್ಮಿ, ನನ್ ಸರದಿ,” ಅಂದ ಶಿವಶಂಕರ. ದಾಳವನ್ನು ಬೆರಳಲ್ಲಿ ತಿರುಗಿಸುತ್ತಾ ಹೇಳಿದ: “ಕಾವಲುಗಾರ ನೆರಳಂಗಡಿ ಮುಂದ್ ಬಂದು ನಿಂತವ್ನೆ. ‘ಒಳೆ ದಾಟಿ ದೂರ ಓಯ್ತಾವ್ನಿ. ನೀನೂ ಬತ್ತೀಯಾ?’ ಅಂತ ಕೇಳ್ತಾವ್ನೆ.”

ಹೇಳಿ ತಲೆಯೆತ್ತಿ ನಾಗಶ್ರೀಯನ್ನೇ ನೋಡಿದ.

ಅವಳು ಹೂಂ ಅನ್ನಲು ಬಾಯಿ ತೆರೆದಳು. ಆದರೆ ದನಿ ನಡುವೆ ಮುರಿದು ಬಂತು: “ಊ... ಊಂ.”

“ಅದೇನಮ್ಮಿ ಅದು, ಊಂ-ಓ, ಊಊಂ-ಓ?” ಪುಷ್ಪ ಕೇಳಿದಳು.

ಶಿವಶಂಕರನ ಮುಖ ಆಗಲೇ ಇಳಿದಿತ್ತು. ದಾಳವನ್ನು ಮೆಲ್ಲಗೆ ಕೆಳಗಿಟ್ಟ. “ಇದ್ಕೆ ದಾಳ ಆಕಕ್ಕಾಗಕಿಲ್ಲ, ಬುಡು. ಬಸ್ ಬಂತು,” ಎಂದು ಬ್ಯಾಗೆತ್ತಿಕೊಂಡು ನಡೆದ.

“ಓಗೇ, ಓಗಿ ಯೋಳು! ಇಲ್ಲೇ ಕುಂತು ಕಣ್ ಬುಡ್ತಾಳೆ!” ಪುಷ್ಪ ಅವಳನ್ನು ಹೊರಕ್ಕೆ ತಳ್ಳಿದಳು.

ಮೈಸೂರು ಬಸ್ಸು ಆಗಲೇ ಗುರುಗುಡುತ್ತಿತ್ತು. ಅವನು ಕಿಟಕಿ ಪಕ್ಕ ಕೂತಿದ್ದ.

“ಏನಾರ ಮರ್ತ್ ಬಂದ್ನಾ?” ಓಡಿ ಬಂದವಳನ್ನು ಕೇಳಿದ.

“ಇಲ್ಲ. ಈಗ ನನ್ ಸರದಿ ಅಲ್ವಾ?”

“ಊಂ, ಯೋಳು ಮತ್ತೆ.”

ನಾಗಶ್ರೀ ಕಿಟಕಿಯ ಸರಳು ಹಿಡಿದಳು. “ನೆರಳು ಮಾರೋಳು ಅಂಗಡಿ ಬಾಗ್ಲು ಆಕ್ಬುಟ್ಳು. ಮಾರದೆ ಉಳ್ದಿರೋ ನೆರಳ್ನೆಲ್ಲ ಸುತ್ಕಂಡು, ಕಾವಲುಗಾರನ ಇಂದೆ ಒಳೆ ತಕ ಬಂದವ್ಳೆ. ಅವ್ನು ಕೈ ಕೊಟ್ರೆ ದಾಟ್ತಾಳೆ.”

ಪಕ್ಕದ ಸೀಟಿನ ಅಜ್ಜಿ ಬಗ್ಗಿ ನೋಡಿ, “ಬಸ್ ಅತ್ತದಾದ್ರೆ ಅತ್ತು ಮಗಾ, ಜಾಗ ಮಾಡ್ಕೊಡ್ತೀನಿ,” ಅಂದಳು.

ಶಿವಶಂಕರ ನಗಲಿಲ್ಲ. ಅವಳನ್ನೇ ನೋಡುತ್ತಾ, “ಊಂ,” ಅಂದ.

ಬಸ್ಸು ಚಲಿಸಿತು.

ಒಪ್ಪಿದೆ ಅಂದನೋ, ಆಮೇಲೇನಾಯ್ತು ಹೇಳು ಅಂದನೋ? ಕಥೆ ಕೇಳುವವರೂ ಊಂ ಅಂತಾರೆ, ಕೈ ಹಿಡಿಯುವವರೂ ಊಂ ಅಂತಾರೆ. ನಾಗಶ್ರೀ ಖಾಲಿ ಕೈಯಲ್ಲಿ, ಮನೆಚಪ್ಪಲಿಯಲ್ಲಿ, ರಸ್ತೆ ನಡುವೆ ನಿಂತಿದ್ದಳು. ಬಸ್ಸು ತಿರುವಿನಲ್ಲಿ ನಿಧಾನವಾಯಿತು, ಬಾಗಿಲು ಇನ್ನೂ ತೆರೆದೇ ಇತ್ತು. ಆ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?