ಹಾಸಿಗೆ ರಾಶಿಯೊಳಗಿನ ಕಾವಲು

ನನ್ನ ಅತ್ತೆ ಹೋಸಿಯತ್‌ಖಾನ್ ಇಡೀ ಕೋಕಂದ್ ಊರಿನಲ್ಲಿ ಯಾರ ಮಾತನ್ನೂ ಕೇಳುವವರಲ್ಲ, ಒಬ್ಬಳದನ್ನು ಬಿಟ್ಟು. ದಿನಾ ಮಧ್ಯಾಹ್ನ ಫೋನಿನಲ್ಲಿ ಲೈವ್ ಬಂದು ಭವಿಷ್ಯ ಹೇಳುವ ರೋಬಿಯಾ ಬೀಬಿಯದು. ಅತ್ತೆಗೆ ಮಂಡಿನೋವು, ಹಸುವಿಗೆ ಹಾಲು ಕಡಿಮೆ. ಎರಡಕ್ಕೂ ಕಾರಣ ಕೇಳಿದಾಗ ಬೀಬಿ ಕಣ್ಣು ಮುಚ್ಚಿ, "ಮನೆಗೆ ಹೊಸದಾಗಿ ಬಂದವರು ಯಾರು?" ಅಂದಳು. ಬಂದವಳು ನಾನು, ಐದು ತಿಂಗಳ ಸೊಸೆ. ಇನ್ನು ಅವಳ ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು, "ನಲವತ್ತು ದಿನ ತವರಿಗೆ ಕಳಿಸಿ ನೋಡಿ." ನಮ್ಮ ಕಡೆ ಹಾಗೆ ಹೋದವಳ ಪೆಟ್ಟಿಗೆ ನಲವತ್ತೊಂದನೆಯ ದಿನ ಅವಳ ಹಿಂದೆಯೇ ಹೋಗುತ್ತದೆ, ಅವಳು ತಿರುಗಿ ಬರುವುದಿಲ್ಲ.

ಗಂಡ ಎಲ್ಯೋರ್‌ಗೆ ಹೇಳಿದೆ. "ಓಯಿ ಬೇಜಾರು ಮಾಡ್ಕೋತಾರೆ, ಸುಮ್ನಿರು" ಅಂದ. ಓಯಿ ಅಂದರೆ ಅಮ್ಮ. ಆ ಒಂದು ಪದಕ್ಕೆ ಅವನ ಮಾತಿನ ಭಂಡಾರ ಮುಗಿಯುತ್ತದೆ.

ಸೊಸೆ ಬಾಯಿ ಬಿಡುವಂತಿಲ್ಲ, ಸರಿ. ಕೈ ಕಟ್ಟಿಹಾಕಿಲ್ಲವಲ್ಲ! ನಾನು ಕಂಪ್ಯೂಟರ್ ಓದಿದ್ದು ಬೆಳಗ್ಗೆ ಎದ್ದು ಅತ್ತೆಗೆ ಮೂರು ಸಲ ಬಾಗುವುದಕ್ಕಲ್ಲ. ಇಸ್ಪೀಟು ಕಟ್ಟಿನಷ್ಟು ಚಿಕ್ಕ ಕಂಪ್ಯೂಟರ್ ತರಿಸಿ, ಮನೆಯ ವೈಫೈ ಅದನ್ನು ಕೇಳಿಯೇ ಮುಂದೆ ಹೋಗುವಂತೆ ಮಾಡಿ, ಬೀಬಿಯ ಚಾನೆಲ್ಲಿಗೆ ಬಾಗಿಲು ಹಾಕಿದೆ. ಬಚ್ಚಿಟ್ಟದ್ದು ನಾನು ತವರಿನಿಂದ ತಂದ ಹತ್ತಿ ಹಾಸಿಗೆಗಳ ರಾಶಿಯೊಳಗೆ. ಗೋಡೆಗೂಡಿನಲ್ಲಿ ಸೂರಿನವರೆಗೆ ಪೇರಿಸಿದ ಆ ರಾಶಿ ಬಂದವರು ನೋಡುವುದಕ್ಕೆ, ಮುಟ್ಟುವುದಕ್ಕಲ್ಲ.

ಮೂರು ವಾರ ನೆಮ್ಮದಿಯಾಗಿತ್ತು. "ಬೀಬಿ ಬರ್ತಾನೇ ಇಲ್ವಲ್ಲೇ, ಹುಷಾರಿಲ್ವೋ ಏನೋ" ಅಂತ ಅತ್ತೆ ಕೊರಗಿದರು. ನಾನೂ ಜೊತೆಗೆ ಕೊರಗಿದೆ, ಚೆನ್ನಾಗಿಯೇ.

ಆಮೇಲೆ ನೆಂಟರು ಬಂದರು. ಮನೆಯ ಹಾಸಿಗೆಗಳು ಸಾಲದೆ ಅತ್ತೆ ನನ್ನ ರಾಶಿಗೆ ಕೈ ಹಾಕಿದರು. ಜನವರಿ ತಿಂಗಳು, ಒಲೆಯಿಲ್ಲದ ಕೋಣೆ, ಹಾಸಿಗೆ ಮಾತ್ರ ಬೆಚ್ಚಗಿತ್ತು.

"ಮಾಟ! ಯಾರೂ ಮುಟ್ಬೇಡಿ!" ಅತ್ತೆ ಕಿರುಚಿದರು.

ಸೂಜಿ, ಕೂದಲು, ಗಂಟು ಹಾಕಿದ ದಾರ, ನಮ್ಮಲ್ಲಿ ಮಾಟ ಸಿಗುವುದೇ ಹಾಸಿಗೆಯಲ್ಲಿ. ಮಾರನೆಯ ದಿನ ರೋಬಿಯಾ ಬೀಬಿ ಖುದ್ದಾಗಿ ಬಂದಳು. ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ನನ್ನ ಕಂಪ್ಯೂಟರನ್ನು ಹೊರಗೆಳೆದಳು. ಹಸಿರು ಹಲಗೆ, ಅದರಲ್ಲೊಂದು ಕೆಂಪು ದೀಪ.

"ಅಯ್ಯೋ, ಕಣ್ಣು ಮಿಟುಕಿಸ್ತಿದೆ!" ಅತ್ತೆ ಎದೆ ಹಿಡಿದುಕೊಂಡರು. "ಇವಳ ಹಾಸಿಗೇಲೇ ಸಿಕ್ತು! ಎಲ್ಯೋರ್, ಇವಳ ಪೆಟ್ಟಿಗೆ ಇಳಿಸೋ!"

"ಆಯ್ತು, ಓಯಿ" ಅಂತ ಅವನು ಹೋಗಿಯೇಬಿಟ್ಟ.

ಬೀಬಿ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹೊಗೆ ಹಾಕೋಕೆ ಸೊಪ್ಪು ತನ್ನಿ. ನೀವೇ ತರ್ಬೇಕು" ಅಂತ ಅತ್ತೆಯನ್ನು ಅಂಗಳಕ್ಕೆ ಅಟ್ಟಿ, ನನ್ನ ಕಡೆ ತಿರುಗಿದಳು.

"ನನ್ನ ಚಾನೆಲ್ ಮುಚ್ಚಿಸಿದ್ದು ಇದೇನಾ?"

"ಹೌದು. ಇಡೀ ಬೀದೀಗೆ ಹಾಕ್ಕೊಡೋಕೂ ಬರುತ್ತೆ ನಂಗೆ." ಅದು ಧೈರ್ಯವಲ್ಲ, ಹೆದರಿಕೆ ಆಡಿಸಿದ ಮಾತು.

ಬೀಬಿ ನಕ್ಕಳು. "ಬೀದಿ ಬೇಡ ಕಣೇ ತಾಯಿ, ನಮ್ಮನೆಗೊಂದು ಹಾಕ್ಕೊಡು. ನನ್ನ ಸೊಸೆ ದಿನಾ ಆ ನಮಂಗಾನ್ ಊರಿನ ಭವಿಷ್ಯದವಳನ್ನ ನೋಡ್ತಾಳೆ. ಅವಳೋ, ಎಲ್ಲಾದಕ್ಕೂ ಅತ್ತೇನೇ ಕಾರಣ ಅಂತಾಳೆ!"

ಅತ್ತೆ ಹೊಗೆ ಹಿಡಿದು ಬರುವಷ್ಟರಲ್ಲಿ ಭವಿಷ್ಯ ಬದಲಾಗಿತ್ತು. "ಇದು ಮಾಟ ಅಲ್ಲ ಹೋಸಿಯತ್‌ಖಾನ್, ಕಾವಲು. ಇವಳು ಈ ಮನೇಲಿರೋವರೆಗೆ ದೀಪ ಉರಿಯುತ್ತೆ."

ಈಗ ಕರೆಂಟ್ ಹೋದಾಗಲೆಲ್ಲ ಅತ್ತೆ ಮಂಡಿನೋವು ಮರೆತು ಓಡಿಬಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ. "ಇದೀಯಾ ಮಗಳೇ?" ಅಂತಾರೆ. ಎಲ್ಯೋರ್ ಪೆಟ್ಟಿಗೆಯನ್ನು ತಾನೇ ಮೇಲಿಟ್ಟ.

ಮಾತು ಕೊಟ್ಟಿದ್ದೆ, ಶುಕ್ರವಾರ ಬೀಬಿಯ ಮನೆಗೆ ಹೋದೆ. ಅವಳ ಸೊಸೆಗೆ ಹೆಚ್ಚೆಂದರೆ ಹತ್ತೊಂಬತ್ತು ವರ್ಷ. ಎದೆಯ ಮೇಲೆ ಕೈಯಿಟ್ಟು ಬಾಗಿ, ನಮ್ಮಲ್ಲಿ ಗೌರವದ ಅತಿಥಿಗೆ ಕೊಡುವಂತೆ ಅರ್ಧ ಬಟ್ಟಲು ಚಹಾ ಕೊಟ್ಟಳು.

"ಅದೇನು ಅಕ್ಕಾ?" ಅಂತ ನನ್ನ ಕೈಯಲ್ಲಿದ್ದ ಹಸಿರು ಹಲಗೆ ನೋಡಿ ಮೆಲ್ಲಗೆ ಕೇಳಿದಳು.

"ಕಾವಲು" ಅಂದೆ. ಆ ಅರ್ಧ ಬಟ್ಟಲು ಚಹಾ ಕುಡಿಯಲು ನನ್ನಿಂದ ಆಗಲಿಲ್ಲ.